ಡಾಕ್ಯುಮೆಂಟರಿ ಆಸ್ಕರ್ ಯಾರಿಗೆ? ನಾನು ಲೆಕ್ಕ ಹಾಕುವ ರೀತಿ

ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟಿಂಗ್ ನನ್ನ ಕಸುಬು. ಜನವರಿ ಬಂತೆಂದರೆ ಇನ್ನೊಂದು ಹುಚ್ಚು ಹತ್ತುತ್ತದೆ. ಆ ವರ್ಷದ ಡಾಕ್ಯುಮೆಂಟರಿ ಆಸ್ಕರ್ ಯಾರಿಗೆ ಅಂತ ಗೆಳೆಯರ ಜೊತೆ ಪಂಥ. ಸೋತವರು ಕ್ಯಾತ್ಸಂದ್ರದಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು.

ಯಾವ ಸಿನಿಮಾ ಚೆನ್ನಾಗಿದೆ ಅಂತ ನಾನು ಮೊದಲು ನೋಡುವುದಿಲ್ಲ. ಓಟು ಹಾಕುವವರು ಯಾರು ಅಂತ ನೋಡುತ್ತೇನೆ. ಮೊದಲು 15 ಸಿನಿಮಾಗಳ ಪಟ್ಟಿ, ಆಮೇಲೆ 5 ನಾಮಿನೇಷನ್. ಇವೆರಡನ್ನೂ ಆರಿಸುವುದು ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯ ಡಾಕ್ಯುಮೆಂಟರಿ ವಿಭಾಗದವರು, ಅಂದರೆ ಕಸುಬಿನವರೇ. ಕೊನೆಯ ಓಟು ಮಾತ್ರ ಎಲ್ಲ ಸದಸ್ಯರದ್ದು. ನಟರು, ಮೇಕಪ್‌ನವರು, ಸೌಂಡ್‌ನವರು ಎಲ್ಲರೂ ಬಂದರು.

ಈ ಕಸುಬಿನವರು ಬಲು ಕಟ್ಟುನಿಟ್ಟು. 'ವೋಂಟ್ ಯು ಬಿ ಮೈ ನೇಬರ್' ಅಮೆರಿಕದಲ್ಲಿ ಭರ್ಜರಿ ಓಡಿತು, ನಿರ್ಮಾಪಕರ ಸಂಘದ ಪ್ರಶಸ್ತಿಯೂ ಬಂತು. ಆಸ್ಕರ್‌ನ ಐದರಲ್ಲಿ ಹೆಸರೇ ಇಲ್ಲ! ಮರುವರ್ಷ 'ಅಪೊಲೊ 11'ಕ್ಕೂ ಅದೇ ಗತಿ. ಹಾಗಾಗಿ ನಾಮಿನೇಷನ್ ಬರುವ ತನಕ ನಾನು ಬಾಯಿ ಬಿಡುವುದಿಲ್ಲ.

ಆಮೇಲೆ ಕಣ್ಣಿಡುವುದು ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಮೇಲೆ. 2019ರಿಂದ 2025ರ ತನಕ ಏಳು ವರ್ಷದಲ್ಲಿ ಐದು ಸಲ ಅಲ್ಲಿ ಗೆದ್ದದ್ದೇ ಇಲ್ಲೂ ಗೆದ್ದಿದೆ. ತಪ್ಪಿದ್ದು 2020 ಮತ್ತು 2025ರಲ್ಲಿ.

2023ರಲ್ಲಿ ನಮ್ಮ ಗುಂಪೆಲ್ಲ 'ಆಲ್ ದಟ್ ಬ್ರೀದ್ಸ್' ಕಡೆ. ದೆಹಲಿಯಲ್ಲಿ ಗಾಯಗೊಂಡ ಹದ್ದುಗಳನ್ನು ಉಳಿಸುವ ಅಣ್ಣತಮ್ಮಂದಿರ ಕಥೆ. ಸನ್‌ಡ್ಯಾನ್ಸ್, ಕಾನ್ ಎರಡೂ ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆದಿತ್ತು. ನಾನು 'ನವಾಲ್ನಿ' ಅಂದೆ, ರಷ್ಯಾದ ಪುಟಿನ್ ವಿರೋಧಿ ನಾಯಕ ನವಾಲ್ನಿಯ ಕಥೆ. "ನಮ್ಮ ದೇಶದ್ದು ಬಿಟ್ಟು ರಷ್ಯಾದ್ದು ಹಿಡ್ಕೊಂಡಿದ್ದೀಯಲ್ಲೋ!" ಅಂತ ಬೈದರು. ನಿಜ ಹೇಳಬೇಕೆಂದರೆ ನನಗೂ ಹದ್ದುಗಳ ಸಿನಿಮಾವೇ ಜಾಸ್ತಿ ಇಷ್ಟ. ಆದರೆ ಅದು ನಿಧಾನ, ತಾಳ್ಮೆ ಕೇಳುತ್ತದೆ. 'ನವಾಲ್ನಿ'ಯಲ್ಲಿ ಒಂದು ಫೋನ್ ಕಾಲ್ ಇದೆ. ವಿಷಪ್ರಯೋಗದಿಂದ ಬದುಕುಳಿದ ನವಾಲ್ನಿ, ದೊಡ್ಡ ಅಧಿಕಾರಿಯ ಸಹಾಯಕ ಅಂತ ಸುಳ್ಳು ಹೇಳಿ, ವಿಷ ಹಾಕಿದ ತಂಡದವನಿಗೇ ಫೋನ್ ಮಾಡುತ್ತಾನೆ. ಆ ಪುಣ್ಯಾತ್ಮ ವಿಷ ಹಚ್ಚಿದ್ದ ಚಡ್ಡಿಯ ಒಳಹೊಲಿಗೆಯ ವಿಷಯವನ್ನೂ ಬಿಡದೆ ಒಪ್ಪಿಸಿಬಿಡುತ್ತಾನೆ! ಮೇಕಪ್‌ನವನಿಗಾಗಲಿ ಸೌಂಡ್‌ನವನಿಗಾಗಲಿ, ಇದು ಒಂದು ಸಲ ನೋಡಿದರೆ ಸಾಕು, ಓಟು ಹಾಕುವಾಗ ನೆನಪಿರುತ್ತದೆ. ಬಾಫ್ಟಾನೂ ಅದಕ್ಕೇ ಬಂದಿತ್ತಲ್ಲ. ಆಸ್ಕರ್ ಕೂಡ ಅದಕ್ಕೇ ಹೋಯಿತು. ಅವತ್ತೇ ಕಿರು ಡಾಕ್ಯುಮೆಂಟರಿ ವಿಭಾಗದಲ್ಲಿ ನಮ್ಮ ದೇಶದ 'ದಿ ಎಲಿಫೆಂಟ್ ವಿಸ್ಪರರ್ಸ್' ಗೆದ್ದಿದ್ದರಿಂದ ಗುಂಪಿನ ಸಿಟ್ಟು ಇಳಿಯಿತು ಅನ್ನಿ.

ಹಣ, ಪ್ರಚಾರ ಇದ್ದರೇ ಗೆಲುವು ಅನ್ನುವವರಿಗೆ 2025 ಉತ್ತರ ಕೊಟ್ಟಿದೆ. 'ನೋ ಅದರ್ ಲ್ಯಾಂಡ್'ಗೆ ಅಮೆರಿಕದಲ್ಲಿ ಒಬ್ಬ ದೊಡ್ಡ ವಿತರಕನೂ ಸಿಕ್ಕಿರಲಿಲ್ಲ, ಆದರೂ ಗೆದ್ದಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಅಕಾಡೆಮಿ ಹೊಸ ನಿಯಮ ತಂದಿತು: ಒಂದು ವಿಭಾಗದ ನಾಮಿನೇಷನ್ ಎಲ್ಲವನ್ನೂ ನೋಡಿದವರಿಗೆ ಮಾತ್ರ ಅಲ್ಲಿ ಕೊನೆಯ ಓಟು. ಅಂದರೆ ಸುಮ್ನೆ ಹೆಸರು ಕೇಳಿ ಒತ್ತುವವರು ಕಮ್ಮಿಯಾಗಬಹುದು. ಹದ್ದುಗಳಂಥ ನಿಧಾನದ ಸಿನಿಮಾಗಳಿಗೂ ಇನ್ನು ನನ್ನ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಅಂಕ.