ಬನವಾಸಿ ಸೀಮೆಯ ಹತ್ತಿಗೂ ಬೆಂಬಲ ಬೆಲೆ ಸಿಕ್ಕಿತು

ಶಿರಸಿ ತಾಲೂಕಿನ ಮೂಡಣ ಬದಿಯಲ್ಲಿ ಈಗ ಎಲ್ಲರದ್ದೂ ಗೋವಿನಜೋಳ, ಶುಂಠಿ. ನಾನು ಮೂರು ಎಕರೆಯಷ್ಟು ಹತ್ತಿ ಹಾಕಿದೆ. ಬೆಳೆ ಬರುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಅನುಮಾನ ಇದ್ದದ್ದು ದುಡ್ಡಿನ ಬಗ್ಗೆ. ‘ಬೆಂಬಲ ಬೆಲೆ ಎಲ್ಲ ಹಾವೇರಿ, ಧಾರವಾಡದವರಿಗೆ ಮಾರಾಯ. ನಮ್ಮ ಬದಿ ಹತ್ತಿ ಖರೀದಿ ಕೇಂದ್ರದ ಗೇಟು ದಾಟುವುದಿಲ್ಲ’ ಅಂದವರೇ ಜಾಸ್ತಿ. 2025–26ರ ಹಂಗಾಮಿನ ದುಡ್ಡು ಖಾತೆಗೆ ಬಿದ್ದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಸರ್ಕಾರದ ದರ ಕ್ವಿಂಟಲ್‌ಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710 ಇತ್ತು. 2025ರ ಆಗಸ್ಟ್‌ನಲ್ಲಿ ಹತ್ತಿಯ ಆಮದು ಸುಂಕ ತೆಗೆದ ಮೇಲೆ ಹೊರಗೆ ರೇಟು ಏಳಲಿಲ್ಲ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಕೇಳಿದ್ದು 6,800ರ ಆಸುಪಾಸು. ಬೀಜದ ಪ್ಯಾಕೆಟ್‌ಗೆ 901, ಬಿಡಿಸುವ ಕೂಲಿ ಕಿಲೋಗೆ ಹತ್ತು-ಹನ್ನೆರಡು ಇತ್ತು. ಆ ರೇಟಿಗೆ ಕೊಟ್ಟಿದ್ದರೆ ಏನು ಉಳಿಯುತ್ತಿತ್ತು?

ಮೊದಲು ಅಡ್ಡ ಬಂದದ್ದು ಪಹಣಿ. ಸುತ್ತ ಎಲ್ಲ ಜೋಳ ಅಲ್ವಾ, ಸಮೀಕ್ಷೆಗೆ ಬಂದವರು ನನ್ನ ಹೊಲವನ್ನೂ ಜೋಳ ಅಂತಲೇ ಬರೆದುಕೊಂಡು ಹೋಗಿದ್ದರು. ಹಾಗಿದ್ದರೆ ಬೆಂಬಲ ಬೆಲೆಗೆ ಹತ್ತಿ ಕೊಡಲು ಹೆಸರು ಹಚ್ಚುವ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಏನು ನೋಂದಣಿ ಮಾಡಿದರೂ ಸುಮ್ನೆ. ಸಮೀಕ್ಷೆಯಲ್ಲಿ ಏನು ಬರೆದಿದ್ದಾರೆಂದು ನೋಡುವ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಿದೆ, ಕಾಯಿ ಕಾಣುವ ಹಾಗೆ ಹೊಲದ ಫೋಟೊ ಇಟ್ಟುಕೊಂಡೆ, ತಿದ್ದುವ ತನಕ ಬೆನ್ನು ಬಿಡಲಿಲ್ಲ.

ಆಮೇಲೆ ಬ್ಯಾಂಕು. ನಾವು ಕೊಟ್ಟ ಪಾಸ್‌ಬುಕ್ ನೋಡಿ ಈ ದುಡ್ಡು ಬರುವುದಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ನನ್ನ ಬ್ಯಾಂಕಿನವರು ಕೇಳಿದಾಗಲೆಲ್ಲ ‘ಆಗಿದೆ’ ಅನ್ನುತ್ತಿದ್ದರು. ಆಧಾರ್ ವೆಬ್‌ಸೈಟಿನಲ್ಲಿ ನೋಡಿದರೆ ಎಂದೋ ಬಳಕೆ ಬಿಟ್ಟ ಬೇರೆ ಬ್ಯಾಂಕಿನ ಹೆಸರು! ಕೊನೆಗೆ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಅದಕ್ಕೇ ಜೋಡಿಸಿಕೊಂಡೆ. ಅಲ್ಲಿ ಖಾತೆಯಲ್ಲಿ ಇಡುವ ದುಡ್ಡಿಗೆ ಎರಡು ಲಕ್ಷದ ಮಿತಿ ಇದೆ, ದೊಡ್ಡ ಹಿಡುವಳಿಯವರು ನೋಡಿಕೊಳ್ಳಿ.

ಇದೆಲ್ಲ ಕಾಗದದ ಕೆಲಸ. ನಿಜವಾದ ಜಗಳ ತೇವಾಂಶದ್ದು. ಶೇ 8 ಇದ್ದರೆ ಪೂರ್ತಿ ದರ. ಅದರ ಮೇಲಿನ ಪ್ರತಿ ಒಂದಕ್ಕೆ ದರದಲ್ಲಿ ಶೇ 1 ಕಡಿತ. 12 ದಾಟಿದರೆ ತೆಗೆದುಕೊಳ್ಳುವುದೇ ಇಲ್ಲ. ನಮ್ಮ ಬದಿಯ ಇಬ್ಬನಿ ಗೊತ್ತಲ್ಲ. ಪರಿಚಯದ ಜಿನ್ನಿಂಗ್ ಮಿಲ್ಲಿನಲ್ಲಿ ಮಾದರಿ ನೋಡಿಸಿದರೆ 14ರ ಮೇಲೆ ತೋರಿಸಿತು.

ಅಂಗಳದಲ್ಲಿ ತಾಡಪಾಲಿನ ಮೇಲೆ ಹರವಿದೆ. ಹಗಲು ಒಣಗಿದ್ದು ರಾತ್ರಿ ಅಡಿಯಿಂದ ಬೆವರುತ್ತಿತ್ತು. ಅಡಿಕೆಗೆ ಹಾಕಿಸಿದ ಪ್ಲಾಸ್ಟಿಕ್ ಮನೆಯೊಳಗೆ ಸ್ವಲ್ಪ ಹಾಕಿ ನೋಡಿದೆ. ಮೇಲಿನದ್ದು ಗರಿಗರಿ, ಒಳಗೆ ಹಸಿ. ಮೂರು ಸಾವಿರದಷ್ಟು ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಮೀಟರ್ ಒಂದೇ ರಾಶಿಗೆ ಒಮ್ಮೆ 7, ಒಮ್ಮೆ 13 ತೋರಿಸುತ್ತಿತ್ತು. ಅದಕ್ಕಿಂತ ಬೀಜ ಕಡಿದು ನೋಡುವುದೇ ವಾಸಿ. ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಜಜ್ಜಿದರೆ ಇಲ್ಲ.

ಕೆಲಸ ಆದದ್ದು ಭಾವನ ಮನೆಯಲ್ಲಿ ಅಡಿಕೆ ಒಣಗಿಸುವ ಅಟ್ಟದಲ್ಲಿ. ಕೆಳಗಿನಿಂದಲೂ ಗಾಳಿ ಆಡುತ್ತದೆ, ನೆಲದ ತಂಪು ತಾಗುವುದಿಲ್ಲ. ಒಂದು ಗೇಣಿಗಿಂತ ದಪ್ಪ ಹರವಬಾರದು, ಬಿಸಿಲು ಇಳಿಯುವ ಮೊದಲೇ ಮುಚ್ಚಬೇಕು. ಗಾಡಿಗೆ ಯಾವ ಹೊತ್ತಿನಲ್ಲಿ, ಹೇಗೆ ತುಂಬಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಲಿಯಲು ನನಗೆ ಸಾಕಷ್ಟು ಖರ್ಚಾಗಿದೆ.

ಹುಬ್ಬಳ್ಳಿ ಕಡೆಯ ಕೇಂದ್ರದಲ್ಲಿ ಮೀಟರ್ 9ರ ಮೇಲೆ ಚೂರು ತೋರಿಸಿತು. ಹತ್ತೊಂಬತ್ತು ಕ್ವಿಂಟಲ್ ಹತ್ತಿರ ತೂಗಿತು, ಕಡಿತ ಹೋಗಿ ಒಂದೂವರೆ ಲಕ್ಷದಷ್ಟು ಬಂತು. ಗಾಡಿ ಬಾಡಿಗೆ ಆರು ಸಾವಿರ ಕಳೆದರೂ ವ್ಯಾಪಾರಿ ಕೇಳಿದ್ದಕ್ಕಿಂತ ಹದಿನಾರು-ಹದಿನೇಳು ಸಾವಿರ ಜಾಸ್ತಿ. ನಮ್ಮ ಸೀಮೆಯ ಹತ್ತಿ ಗೇಟು ದಾಟಿತು, ತಲೆ ಎತ್ತಿಕೊಂಡೇ ದಾಟಿತು.

ಮುಂದಿನ ಸಲ ಇಬ್ಬರು ನೆರೆಯವರೂ ಹಾಕುತ್ತಾರಂತೆ. ಗಾಡಿ ಬಾಡಿಗೆ ಹಂಚಿಹೋಗುತ್ತದೆ. ಅಟ್ಟದ್ದೇ ತೊಂದರೆ: ಭಾವನ ಅಡಿಕೆ ಕೊಯ್ಲೂ ಅದೇ ಹೊತ್ತಿಗೆ ಬರುತ್ತದೆ, ಜಾಗ ಈಗಲೇ ಮಾತಾಡಿಟ್ಟುಕೊಳ್ಳಬೇಕು.