ಕಸವನ್ನು ಕಾಲುವೆ ಬಾಯಲ್ಲೇ ತಡೆಯುವುದು ಹೇಗೆ?

ಭಾನುವಾರ ಕೆರೆ ದಂಡೆ ಗುಡಿಸುತ್ತಾರೆ. ವಾರದೊಳಗೆ ಒಂದು ಮಳೆ ಬಿದ್ದರೆ ದಂಡೆ ಮತ್ತೆ ಮೊದಲಿನಂತೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ಕಸವನ್ನು ಕೆರೆಗೆ ಹೊತ್ತು ತರುವುದು ರಾಜಕಾಲುವೆ. ಕೋಡಿ ಬಿದ್ದರೆ ಕಸ ಅಲ್ಲಿಗೂ ನಿಲ್ಲದು, ನದಿ ಹಿಡಿಯುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ನೆಲ್ಲೂರು ಜಿಲ್ಲೆಯಲ್ಲಿ, ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ ಸಮುದ್ರ ಸೇರುತ್ತವೆ. ಕಡಲತೀರದವರು ಹೆಕ್ಕುವ ಕಸದಲ್ಲಿ ನಮ್ಮ ಪಾಲೂ ಇರಬಹುದು.

ಇದಕ್ಕೆ ದಾರಿ, ಕಾಲುವೆಗೆ ತೇಲುತಡೆ ಕಟ್ಟುವುದು, ಅಂದರೆ ಕಸವನ್ನು ಹಿಡಿದು ನಿಲ್ಲಿಸುವ ತೇಲುವ ಬೇಲಿ. ಮೊದಲು ನಗರಸಭೆ ಅಥವಾ ಪಾಲಿಕೆಯಿಂದ, ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಇಲಾಖೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಆಮೇಲೆ ದಂಡೆಯ ಒಂದು ಮೂಟೆ ಕಸವನ್ನು ಟಾರ್ಪಾಲಿನ ಮೇಲೆ ಸುರಿದು ವಿಂಗಡಿಸಿ. ಟೀ ಲೋಟ, ಗುಟ್ಕಾ ಚೀಟಿ, ಹೂವಿನ ಕವರ್, ಥರ್ಮೋಕೋಲ್ ತಟ್ಟೆ: ಯಾವುದು ಹೆಚ್ಚೋ ಕಾಲುವೆಗುಂಟ ಅದರ ಅಂಗಡಿಗಳನ್ನು ಹುಡುಕಿ, ಮಾತಾಡಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ.

ಹೆಚ್ಚಿನವರು ಎಡವುವುದು ತೇಲುತಡೆ ಕಟ್ಟುವಾಗ. ಕಾಲುವೆಗೆ ಅಡ್ಡಲಾಗಿ ನೆಟ್ಟಗೆ, ಬಿಗಿಯಾಗಿ ಬಲೆ ಕಟ್ಟುತ್ತಾರೆ. ಕಸ ನಡುವೆ ಗುಡ್ಡೆ ಬಿದ್ದು ಹಗ್ಗ ಹರಿಯುತ್ತದೆ, ಇಲ್ಲವೇ ನೀರು ಹಿಮ್ಮೆಟ್ಟಿ ಮನೆಗಳಿಗೆ ನುಗ್ಗುತ್ತದೆ. ತಡೆ ಯಾವಾಗಲೂ ಓರೆಯಾಗಿರಬೇಕು, ಸುಮಾರು 45 ಡಿಗ್ರಿ. ಆಗ ಕಸ ಜಾರಿ ಕೆಳತುದಿಯ, ಅಂದರೆ ನೀರು ಹರಿದುಹೋಗುವ ಕಡೆಯ ತುದಿಯ, ಮೂಲೆಗೆ ಬಂದು ಸೇರುತ್ತದೆ. 20 ಅಡಿ ಅಗಲದ ಕಾಲುವೆಗೆ 32 ಅಡಿ ಉದ್ದ ಬೇಕು, ಸ್ವಲ್ಪ ಸಡಿಲವಿರಲಿ.

4 ಇಂಚಿನ ಪಿವಿಸಿ ಪೈಪನ್ನು 3 ಅಡಿ ತುಂಡು ಮಾಡಿ, ಎರಡೂ ತುದಿಗೆ ಮುಚ್ಚಳ ಹಾಕಿ ಸಾಲ್ವೆಂಟ್ ಸಿಮೆಂಟಿನಿಂದ ಅಂಟಿಸಿ. ಒಂದು ದಿನ ಒಣಗಿಸಿ ತೊಟ್ಟಿಯಲ್ಲಿ ಅದುಮಿ ನೋಡಿ. ಗುಳ್ಳೆ ಬಂದರೆ ಆ ತುಂಡು ಬಿಡಿ. 12 ಮಿ.ಮೀ. ಪಾಲಿಪ್ರೊಪಿಲೀನ್ ಹಗ್ಗಕ್ಕೆ ಇವನ್ನು ಸಾಲಾಗಿ ಬಿಗಿಯಿರಿ. ನೈಲಾನ್ ಹಗ್ಗ ಬೇಡ, ಅದು ನೀರಿಗಿಂತ ಭಾರ, ಮುಳುಗುತ್ತದೆ. ಕೆಳಗೆ ಒಂದಡಿ ಆಳಕ್ಕೆ ಒಂದಿಂಚು ಕಣ್ಣಿನ ಮೀನುಬಲೆ, ಅದರಂಚಿಗೆ ಸರಪಳಿ ತುಂಡು. ಬಲೆ ತಳ ಮುಟ್ಟಬಾರದು. ಅಗ್ಗವೆಂದು ಹಸಿರು ಶೇಡ್ ನೆಟ್ ತರಬೇಡಿ. ಬಿಸಿಲಿಗೆ ಎಳೆಎಳೆಯಾಗಿ ಉದುರಿ ಅದೇ ಕೆರೆ ಸೇರುತ್ತದೆ.

ಎರಡೂ ದಡದಲ್ಲಿ ಕಬ್ಬಿಣದ ಪೈಪ್ ನೆಟ್ಟು, ಹಗ್ಗದ ತುದಿಗೆ ದೊಡ್ಡ ಬಳೆ ಹಾಕಿ ಪೈಪಿಗೆ ತೊಡಿಸಿ. ನೀರು ಏರಿದಂತೆ ತಡೆಯೂ ಏರುತ್ತದೆ. ಮೇಲ್ತುದಿ ಗಟ್ಟಿಯಿರಲಿ. ಕೆಳತುದಿಯ ಬಳೆಯನ್ನು ಮಾತ್ರ ತೆಳು ತೆಂಗಿನ ನಾರಿನ ಹಗ್ಗದಿಂದ ಕಟ್ಟಿ; ಪ್ರವಾಹ ಬಂದರೆ ಅದೊಂದೇ ಹರಿದು ತಡೆ ದಡಕ್ಕೆ ಸರಿಯುತ್ತದೆ, ನೀರಿಗೆ ದಾರಿಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ಆ ಹಗ್ಗ ಬದಲಿಸಿ.

ಪ್ರತಿ ಮಳೆ ನಿಂತ ಮೇಲೆ ಮೂಲೆ ಖಾಲಿ ಮಾಡಿ. ನೀರಿಗಿಳಿಯಬೇಡಿ, ಅದು ಚರಂಡಿ ನೀರು, ಗಾಜೂ ಇರುತ್ತದೆ. ಉದ್ದ ದೋಟಿಗೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು ದಡದಿಂದಲೇ ಎಳೆಯಿರಿ. ಬಸಿದ ಕಸವನ್ನು ಅಲ್ಲೇ ಸುಡದೆ, ಅಂದೇ ಕಸದ ಗಾಡಿಗೆ ಹಾಕಿ. ರಾತ್ರಿ ದಂಡೆಯಲ್ಲಿ ಬಿಟ್ಟರೆ ನಾಯಿ ಎಳೆದಾಡಿ ಅರ್ಧ ಮತ್ತೆ ನೀರಿಗೆ ಹೋಗುತ್ತದೆ.