ಹವ್ಯಾಸಿ ನೃತ್ಯ ಕಲಾವಿದರ ಫೋಟೊ, ವಿಡಿಯೊ ಹಂಚುವ ಮೊದಲು ಒಪ್ಪಿಗೆ ಪಡೆಯುವ ಬಗೆ

ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ನೃತ್ಯಶಾಲೆಯ ವಾರ್ಷಿಕೋತ್ಸವ ನಡೆಯಲಿ, ಸಾಗರ ಸೀಮೆಯ ಹಳ್ಳಿಯಲ್ಲಿ ಮಹಿಳೆಯರ ಡೊಳ್ಳು ತಂಡ ಕುಣಿಯಲಿ, ಹೊಸನಗರದ ಹವ್ಯಾಸಿ ಯಕ್ಷಗಾನ ಸಂಘ ಒಂದು ರಾತ್ರಿಯ ಆಟ ಇಟ್ಟುಕೊಳ್ಳಲಿ, ಮಂಗಳ ಹಾಡುವ ಹೊತ್ತಿಗೆ ಅದರ ತುಣುಕುಗಳು ಯಾರದೋ ಸ್ಟೇಟಸ್‌ನಲ್ಲಿ, ಇನ್ಯಾರದೋ ರೀಲ್ಸ್‌ನಲ್ಲಿ ಓಡಾಡುತ್ತಿರುತ್ತವೆ. ಕುಣಿದವರಲ್ಲಿ ಹೆಚ್ಚಿನವರು ಕಲೆಯಿಂದ ಹೊಟ್ಟೆ ಹೊರೆಯುವವರಲ್ಲ. ಅವರು ಶಾಲೆಯ ಮಕ್ಕಳು, ಬ್ಯಾಂಕಿನ ನೌಕರರು, ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಗೆಜ್ಜೆ ಕಟ್ಟಿದ ಗೃಹಿಣಿಯರು, ಅಡಿಕೆ ಕೊಯ್ಲಿನ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವವರು. ಅವರು ರಂಗಕ್ಕೆ ಬರಲು ಒಪ್ಪಿದ್ದು ಎದುರಿಗೆ ಕುಳಿತ ಊರಿನ ಸಭೆಗಾಗಿ. ಆ ಒಪ್ಪಿಗೆಯನ್ನೇ ಹಿಗ್ಗಿಸಿ, ಎಲ್ಲ ಕಾಲಕ್ಕೂ ಎಲ್ಲ ಊರಿನವರಿಗೂ ತೋರಿಸಲು ಒಪ್ಪಿದ್ದಾರೆಂದು ಭಾವಿಸುವ ಅಧಿಕಾರ ಸಂಘಟಕರಿಗೂ ಇಲ್ಲ, ಗುರುಗಳಿಗೂ ಇಲ್ಲ, ಕ್ಯಾಮೆರಾ ಹಿಡಿದವರಿಗೂ ಇಲ್ಲ. ಆದ್ದರಿಂದ ಕಾರ್ಯಕ್ರಮಕ್ಕೆ ಮೈಕು, ಬೆಳಕು, ಊಟದ ವ್ಯವಸ್ಥೆ ಮಾಡುವಾಗಲೇ ಒಪ್ಪಿಗೆಯ ವ್ಯವಸ್ಥೆಯನ್ನೂ ಮಾಡಿಕೊಳ್ಳಬೇಕು.

ಕಾನೂನಿನ ಮಾತು

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆಯನ್ನು ಬಲವಂತವಿಲ್ಲದೆ, ನಿರ್ದಿಷ್ಟ ಉದ್ದೇಶಕ್ಕಾಗಿ, ವಿಷಯವನ್ನು ತಿಳಿಸಿ, ಷರತ್ತು ಹಾಕದೆ, ಸಂದೇಹಕ್ಕೆ ಎಡೆಯಿಲ್ಲದಂತೆ ಪಡೆಯಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕೆಂದೂ ಹೇಳುತ್ತದೆ. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆಯೇ ಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಕಲಂಗಳ ಜಾರಿಗೆ 18 ತಿಂಗಳ ಅವಧಿಯನ್ನು ಇಟ್ಟಿದ್ದಾರೆ. ಮನೆಮಟ್ಟಿಗಿನ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮಗಳ ನೃತ್ಯವನ್ನು ಅಜ್ಜಿಗೆ ಕಳುಹಿಸುವ ತಂದೆ ಹೆದರಬೇಕಾಗಿಲ್ಲ. ಆದರೆ ಸಂಘದ, ಶಾಲೆಯ ಅಥವಾ ಚಾನೆಲ್‌ನ ಹೆಸರಿನಲ್ಲಿ ಹಾಕಿದ ವಿಡಿಯೊವನ್ನು ಮನೆಮಟ್ಟಿನದು ಎನ್ನಲಾಗದು.

ಇದಕ್ಕಿಂತ ಹಳೆಯದಾದ, ಹೆಚ್ಚಿನ ಸಂಘಟಕರ ಗಮನಕ್ಕೆ ಬಾರದ ಇನ್ನೊಂದು ಹಕ್ಕಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಪಟ್ಟಿಯೊಳಗೆ ನರ್ತಕರೂ ಸೇರಿದ್ದಾರೆ; ಅಲ್ಲಿ ವೃತ್ತಿಪರರು, ಹವ್ಯಾಸಿಗಳು ಎಂಬ ಭೇದವಿಲ್ಲ. ತಮ್ಮ ಪ್ರದರ್ಶನವನ್ನು ಚಿತ್ರೀಕರಿಸುವ, ಸಾರ್ವಜನಿಕರಿಗೆ ತಲುಪಿಸುವ ಹಕ್ಕು ಮೊದಲಿಗೆ ಅವರದೇ, ಮತ್ತು ಅದು 50 ವರ್ಷ ಇರುತ್ತದೆ. ಇದರ ಜೊತೆಗೆ, ಬರಹದಲ್ಲೋ ಬೇರೆ ರೂಪದಲ್ಲೋ ದಾಖಲಾದ ನೃತ್ಯ ಸಂಯೋಜನೆಯನ್ನು ಅದೇ ಕಾಯ್ದೆ ನಾಟಕ ಕೃತಿಯ ಸಾಲಿನಲ್ಲಿ ಇಡುವುದರಿಂದ, ಸಂಯೋಜಿಸಿದ ಗುರುಗಳಿಗೂ ಹಕ್ಕು ಇರುತ್ತದೆ. ಇದು ಬರೀ ಕಾಗದದ ಮೇಲಿನ ಮಾತಲ್ಲ. ಡಾ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಪ್ರಯೋಗಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಹಾಗಾಗಿ ನರ್ತಕಿಯೊಬ್ಬರನ್ನು ಕೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗುರುಗಳನ್ನು, ಹಿಮ್ಮೇಳದವರನ್ನು, ತಾಳ ಹಿಡಿದು ನೃತ್ಯ ನಡೆಸುವ ನಟ್ಟುವಾಂಗದವರನ್ನು, ಯಕ್ಷಗಾನದಲ್ಲಿ ಹಾಡುವ ಭಾಗವತರನ್ನೂ ಕೇಳಬೇಕು. ಹಾಗೆಯೇ ಗುರುಗಳು ಒಪ್ಪಿದರೆಂದು ಶಿಷ್ಯರೂ ಒಪ್ಪಿದಂತಾಗುವುದಿಲ್ಲ.

ಯಾವಾಗ, ಹೇಗೆ ಕೇಳಬೇಕು

ಕಾರ್ಯಕ್ರಮದ ದಿನ ಒಪ್ಪಿಗೆ ಕೇಳಬಾರದು. ಮುಖಕ್ಕೆ ಬಣ್ಣ ಬಿದ್ದು, ಮಗುವಿನ ಜಡೆಗೆ ಕುಚ್ಚು ಕಟ್ಟುತ್ತಿರುವ ತಾಯಿಯ ಮುಂದೆ ಕಾಗದ ಹಿಡಿದರೆ ಆಕೆ ಓದದೆ ಸಹಿ ಹಾಕುತ್ತಾರೆ. ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಎರಡು ಮೂರು ವಾರ ಮೊದಲು, ಅಭ್ಯಾಸ ಮುಗಿದ ಒಂದು ಸಂಜೆ ಪೋಷಕರನ್ನು ಕೂರಿಸಿಕೊಂಡು ವಿಷಯ ತಿಳಿಸಿ, ಪತ್ರವನ್ನು ಮನೆಗೆ ಕೊಟ್ಟು ಕಳುಹಿಸಿ, ಒಂದು ವಾರದ ನಂತರ ತರಿಸಿಕೊಳ್ಳುವುದು ಸರಿಯಾದ ಕ್ರಮ. ಓದಲು ಬಾರದವರಿಗೆ ಓದಿ ಹೇಳಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಹಾಕಿ, ಆಕ್ಷೇಪ ಬಾರದಿದ್ದರೆ ಎಲ್ಲರೂ ಒಪ್ಪಿದಂತೆ ಎಂದು ಲೆಕ್ಕ ಹಿಡಿಯುವ ರೂಢಿಯನ್ನು ಮೊದಲು ಬಿಡಬೇಕು. ಸುಮ್ಮನಿರುವವರಲ್ಲಿ ಸಂಕೋಚದವರೇ ಹೆಚ್ಚು. ಗುಂಪಿನೊಳಗೆ ಎಲ್ಲರೆದುರು ಬೇಡ ಎನ್ನಲು ಯಾರಿಗೂ ಧೈರ್ಯ ಬಾರದು.

ಗುರು ಶಿಷ್ಯ ಸಂಬಂಧದಲ್ಲಿ ಈ ಸಂಕೋಚ ಇನ್ನೂ ಗಾಢವಾಗಿರುತ್ತದೆ. ಗುರುಗಳೇ ನೇರವಾಗಿ ಕೇಳಿದರೆ ಬೇಡ ಎನ್ನುವುದು ಅಗೌರವವೆಂದು ಪೋಷಕರು ಭಾವಿಸುತ್ತಾರೆ. ಮಗುವನ್ನು ಹಿಂದಿನ ಸಾಲಿಗೆ ತಳ್ಳಿಯಾರೆಂಬ ಅಳುಕೂ ಒಳಗೊಳಗೆ ಇರುತ್ತದೆ. ಆದ್ದರಿಂದ ಪತ್ರ ಸಂಗ್ರಹಿಸುವ ಕೆಲಸವನ್ನು ಗುರುಗಳಲ್ಲದ ಬೇರೊಬ್ಬರಿಗೆ ವಹಿಸುವುದು ಮೇಲು. ಆ ವ್ಯಕ್ತಿ ಹೀಗೆ ಕೇಳಬಹುದು: ‘ಅಮ್ಮಾ, ಮಕ್ಕಳ ನೃತ್ಯದ ವಿಡಿಯೊ ನಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕುವ ಯೋಚನೆ ಇದೆ. ನಿಮಗೆ ಬೇಡ ಅನ್ನಿಸಿದರೆ ಬೇಡ ಅಂತಲೇ ಬರೆದುಕೊಡಿ, ಕಾರಣ ಹೇಳಬೇಕಾಗಿಲ್ಲ. ಅದರಿಂದ ಮಗುವಿನ ಪಾತ್ರಕ್ಕಾಗಲಿ, ಜಾಗಕ್ಕಾಗಲಿ ಏನೂ ವ್ಯತ್ಯಾಸ ಆಗುವುದಿಲ್ಲ.’ ಈ ಕೊನೆಯ ಮಾತನ್ನು ಹೇಳಿದ ಮೇಲೆ ಅಕ್ಷರಶಃ ಪಾಲಿಸಬೇಕು.

ಮಕ್ಕಳನ್ನೂ ಕೇಳಬೇಕು. ಕಾನೂನಿಗೆ ಪೋಷಕರ ಸಹಿ ಸಾಕಾದರೂ, ಏಳನೇ ತರಗತಿಯ ಹುಡುಗಿಗೆ ತನ್ನ ವಿಡಿಯೊ ಸಹಪಾಠಿಗಳ ಫೋನಿನಲ್ಲಿ ಓಡಾಡುವುದು ಇಷ್ಟವಿದೆಯೋ ಇಲ್ಲವೋ ಎಂಬುದು ಅವಳಿಗೆ ಮಾತ್ರ ಗೊತ್ತು. ತಾಯಿ ಬೇಕೆಂದು, ಮಗಳು ಬೇಡವೆಂದು ಹೇಳಿದರೆ ಮಗಳ ಮಾತೇ ನಡೆಯಬೇಕು.

ಪತ್ರದಲ್ಲಿ ಏನಿರಬೇಕು

ಒಂದೇ ಸಾಲಿನ ‘ಫೋಟೊ, ವಿಡಿಯೊ ಬಳಕೆಗೆ ನನ್ನ ಒಪ್ಪಿಗೆ ಇದೆ’ ಎಂಬ ಪತ್ರ ಯಾವ ಕೆಲಸಕ್ಕೂ ಬಾರದು, ಏಕೆಂದರೆ ಬಳಕೆಗಳು ಒಂದೇ ಬಗೆಯವಲ್ಲ. ಕಲಿಕೆಗಾಗಿ ಶಾಲೆಯೊಳಗೆ ನೋಡುವುದು, ಪೋಷಕರ ಗುಂಪಿಗೆ ಕಳುಹಿಸುವುದು, ಪತ್ರಿಕೆಗೆ ಫೋಟೊ ಕೊಡುವುದು, ಯೂಟ್ಯೂಬ್‌ನಲ್ಲಿ ಪೂರ್ಣ ಪ್ರದರ್ಶನ ಹಾಕುವುದು, ರೀಲ್ಸ್ ಮಾಡುವುದು, ಮುಂದಿನ ವರ್ಷದ ಪ್ರವೇಶದ ಬ್ಯಾನರಿನಲ್ಲಿ ಮುಖ ಅಚ್ಚು ಹಾಕಿಸುವುದು, ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಬೇಕು, ಬೇಡ ಎಂದು ಗುರುತು ಹಾಕುವ ಜಾಗ ಇರಬೇಕು. ಹೆಸರು ಹಾಕಬಹುದೇ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು. ನೇರಪ್ರಸಾರಕ್ಕೂ ಬೇರೆಯೇ ಗುರುತು ಬೇಕು, ಏಕೆಂದರೆ ಅದರಲ್ಲಿ ಕತ್ತರಿಸಲು ಅವಕಾಶವಿಲ್ಲ. ಗೆಜ್ಜೆ ಬಿಚ್ಚಿಹೋದದ್ದು, ಹೆಜ್ಜೆ ಮರೆತು ಮಗು ಅತ್ತದ್ದು, ಎಲ್ಲವೂ ಆ ಕ್ಷಣದಲ್ಲೇ ಹೊರಗೆ ಹೋಗುತ್ತದೆ.

ಮಾದರಿಯಾಗಿ ಹೀಗೆ ಬರೆಯಬಹುದು: ‘ಇಂಥ ದಿನಾಂಕದಂದು ಇಂಥ ಸ್ಥಳದಲ್ಲಿ ನಡೆಯುವ ಕಾರ್ಯಕ್ರಮದಲ್ಲಿ ನನ್ನ (ನನ್ನ ಮಗಳ/ಮಗನ) ನೃತ್ಯದ ಚಿತ್ರೀಕರಣವನ್ನು ಕೆಳಗೆ ಗುರುತು ಮಾಡಿದ ಬಳಕೆಗಳಿಗೆ ಮಾತ್ರ ಉಪಯೋಗಿಸಲು ಒಪ್ಪಿರುತ್ತೇನೆ. ಬೇರೆ ಬಳಕೆಗೆ ಮತ್ತೆ ಕೇಳತಕ್ಕದ್ದು. ಈ ಒಪ್ಪಿಗೆಯನ್ನು ನಾನು ಯಾವಾಗ ಬೇಕಾದರೂ, ಕಾರಣ ಕೊಡದೆ, ಹಿಂಪಡೆಯಬಹುದು. ತಿಳಿಸಿದ ಮೂರು ದಿನಗಳೊಳಗೆ ನಿಮ್ಮ ಖಾತೆಗಳಿಂದ ಅದನ್ನು ತೆಗೆಯತಕ್ಕದ್ದು. ಅಷ್ಟರೊಳಗೆ ಬೇರೆಯವರು ಉಳಿಸಿಕೊಂಡ ಪ್ರತಿಗಳನ್ನು ಹಿಂಪಡೆಯಲು ಆಗದಿರಬಹುದೆಂಬುದನ್ನು ನನಗೆ ತಿಳಿಸಿರುತ್ತಾರೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಒಮ್ಮೆ ಹೊರಗೆ ಹೋದದ್ದು ಪೂರ್ತಿ ಹಿಂದಕ್ಕೆ ಬಾರದೆಂಬ ಸತ್ಯ ಗೊತ್ತಿದ್ದವರು ಮಾತ್ರ ತಿಳಿದು ಒಪ್ಪಲು ಸಾಧ್ಯ. ತೆಗೆಯಬೇಕೆಂದರೆ ಯಾರಿಗೆ ಫೋನ್ ಮಾಡಬೇಕೆಂಬುದೂ ಪತ್ರದಲ್ಲಿರಲಿ, ಅದರ ಒಂದು ಪ್ರತಿ ಮನೆಯವರ ಬಳಿಯೂ ಇರಲಿ.

ಸಂಭಾವನೆ ಕೊಟ್ಟು ಕರೆಸುವ ವಿಡಿಯೊಗ್ರಾಫರ್ ಜೊತೆ ಇನ್ನೊಂದು ಕರಾರು ಬೇಕು. ದುಡ್ಡು ಕೊಟ್ಟು ತೆಗೆಸಿದ ಫೋಟೊ, ವಿಡಿಯೊಗಳ ಹಕ್ಕುಸ್ವಾಮ್ಯ ಬೇರೆ ಒಪ್ಪಂದವಿಲ್ಲದಿದ್ದರೆ ತೆಗೆಸಿದವರಿಗೇ ಸೇರುತ್ತದೆ. ಆದರೂ ತಮ್ಮ ಕೆಲಸದ ಮಾದರಿಯೆಂದು ಸ್ಟುಡಿಯೊದವರು ಅದನ್ನು ತಮ್ಮ ಚಾನೆಲ್‌ಗೆ ಹಾಕುವುದು ಸಾಮಾನ್ಯ. ಮುಂಗಡ ಕೊಡುವಾಗಲೇ ಅದು ಕೂಡದೆಂದು ಬರೆಸಿಕೊಳ್ಳಬೇಕು.

ಚೌಕಿ, ರಂಗ, ಸಭೆ

ಯಕ್ಷಗಾನದ ವೇಷ ಕಟ್ಟುವ ಚೌಕಿಯಲ್ಲಿ, ಬಣ್ಣದ ಕೋಣೆಯಲ್ಲಿ, ಉಡುಪು ಬದಲಿಸುವ ಜಾಗದಲ್ಲಿ ಯಾವ ಮೊಬೈಲೂ ಕ್ಯಾಮೆರಾ ತೆರೆಯಬಾರದು. ಇಲ್ಲಿ ನಾನು ರಿಯಾಯಿತಿಗೆ ಸಿದ್ಧನಿಲ್ಲ. ಅರ್ಧ ಬಣ್ಣ ಹಚ್ಚಿದ ಮುಖ, ಕಟ್ಟುತ್ತಿರುವ ಕೇದಿಗೆ ಮುಂದಲೆಯೆಂಬ ತಲೆಯುಡುಗೆ ನೋಡಲು ಸೊಗಸೆಂಬುದು ನಿಜ. ಆದರೆ ಅದೇ ಚೌಕಟ್ಟಿನ ಹಿಂಬದಿಯಲ್ಲಿ ಇನ್ನೊಬ್ಬರು ಅಂಗಿ ಕಳಚುತ್ತಿರುತ್ತಾರೆ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಹೆಂಗಸರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕೂಡ ಅನ್ವಯಿಸುತ್ತದೆ. ಬಾಗಿಲಲ್ಲಿ ಒಬ್ಬ ಹಿರಿಯರನ್ನು ಕೂರಿಸಿ, ಒಳಗೆ ಬರುವವರ ಫೋನುಗಳನ್ನು ಚೀಲದಲ್ಲಿ ಇರಿಸಿಕೊಂಡರೆ ಕೆಲಸ ಸುಲಭವಾಗುತ್ತದೆ.

ಬೇಡ ಎಂದವರು ಒಬ್ಬರಿದ್ದು ಉಳಿದವರೆಲ್ಲ ಒಪ್ಪಿದ ಸಮೂಹ ನೃತ್ಯವೇ ಎಲ್ಲಕ್ಕಿಂತ ಕಷ್ಟದ ಸಂಗತಿ. ಆ ಒಬ್ಬರನ್ನು ನೃತ್ಯದಿಂದ ಕೈಬಿಡುವುದು ಅನ್ಯಾಯ. ಮುಖ ಮಸುಕು ಮಾಡಿದರೆ ಸಾಕೆಂಬುದೂ ನಮ್ಮಂಥ ಊರುಗಳಲ್ಲಿ ನಡೆಯುವುದಿಲ್ಲ, ಏಕೆಂದರೆ ಎಡಗಡೆಯಿಂದ ಮೂರನೆಯವಳು ಯಾರೆಂದು ಕೇರಿಗೆಲ್ಲ ಗೊತ್ತಿರುತ್ತದೆ. ಸಮೂಹ ನೃತ್ಯದ ಪೂರ್ಣ ವಿಡಿಯೊವನ್ನು ಹಾಕದೆ, ಒಪ್ಪಿದವರ ಏಕವ್ಯಕ್ತಿ ನೃತ್ಯವನ್ನೋ ಹತ್ತಿರದ ಚಿತ್ರಗಳನ್ನೋ ಮಾತ್ರ ಹಾಕುವುದು ಉತ್ತಮ. ಅಥವಾ ಒಪ್ಪಿದವರಷ್ಟೇ ಸೇರಿ ಇನ್ನೊಂದು ದಿನ ಚಿತ್ರೀಕರಣಕ್ಕೆಂದೇ ಕುಣಿಯಬಹುದು. ವಿಡಿಯೊಗ್ರಾಫರಿಗೆ ಬೇಡವೆಂದವರ ಪಟ್ಟಿಯನ್ನೂ, ಅವರು ಯಾವ ನೃತ್ಯದಲ್ಲಿ ಎಲ್ಲಿ ನಿಲ್ಲುತ್ತಾರೆಂಬುದನ್ನೂ ಮೊದಲೇ ಕೊಡಬೇಕು. ಆ ಮಕ್ಕಳ ಕೈಗೆ ಎದ್ದು ಕಾಣುವ ಗುರುತು ಕಟ್ಟುವುದು ನನಗೆ ಸಮ್ಮತವಲ್ಲ. ಅದು ಬೇಡ ಎಂದದ್ದಕ್ಕೆ ಕೊಟ್ಟ ಶಿಕ್ಷೆಯಂತೆ ಕಾಣುತ್ತದೆ.

ಸಭೆಯಲ್ಲಿ ಕುಳಿತವರ ಮೊಬೈಲುಗಳನ್ನು ಪೂರ್ತಿ ತಡೆಯಲಾಗದು. ಆದರೂ ಪ್ರಾರ್ಥನೆಗೆ ಮೊದಲು ಮತ್ತು ವಿರಾಮದ ನಂತರ ನಿರೂಪಕರು ‘ನಿಮ್ಮ ಮನೆಯ ಮಕ್ಕಳದು ಮಾತ್ರ ತೆಗೆದುಕೊಳ್ಳಿ, ಬೇರೆ ಮಕ್ಕಳು ಕಾಣುವ ವಿಡಿಯೊವನ್ನು ದಯವಿಟ್ಟು ಎಲ್ಲಿಯೂ ಹಾಕಬೇಡಿ’ ಎಂದು ವಿನಂತಿಸಿದರೆ ಬಹಳ ಮಂದಿ ಕೇಳುತ್ತಾರೆ. ಆಮಂತ್ರಣ ಪತ್ರಿಕೆಯಲ್ಲೂ ಅದೇ ಮಾತನ್ನು ಅಚ್ಚು ಹಾಕಿಸಬೇಕು. ಜಾತ್ರೆ, ದಸರಾ ಮೆರವಣಿಗೆಯಂಥ ಬಯಲಿನಲ್ಲಿ ಈ ಹಿಡಿತ ಇರುವುದಿಲ್ಲ. ಅಲ್ಲಿ ಭಾಗವಹಿಸುವ ತಂಡದವರಿಗೆ ಅದನ್ನು ಮುಂಚೆಯೇ ಹೇಳಿ, ಬರುವುದು ಬಿಡುವುದು ಅವರ ಇಷ್ಟಕ್ಕೆ ಬಿಡಬೇಕು.

ಹಾಕುವಾಗ, ಹಾಕಿದ ಮೇಲೆ

ಹಾಕುವ ಮೊದಲು ಆಯ್ದ ಚಿತ್ರಗಳನ್ನು ಕುಣಿದವರಿಗೆ ಒಮ್ಮೆ ತೋರಿಸಿ. ಸೆರಗು ಜಾರಿದ್ದು, ಮುಖ ಸೊಟ್ಟಗಾದದ್ದು ಅವರ ಕಣ್ಣಿಗೆ ಬೀಳುವಷ್ಟು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಯೂಟ್ಯೂಬ್‌ನಲ್ಲಿ ಸಾರ್ವಜನಿಕ ಆಯ್ಕೆಯ ಬದಲು ಅನ್‌ಲಿಸ್ಟೆಡ್ ಎಂಬುದನ್ನು ಆರಿಸಿದರೆ ಕೊಂಡಿ ಇದ್ದವರು ಮಾತ್ರ ನೋಡಬಹುದು. ಆದರೆ ಕೊಂಡಿಯನ್ನು ಯಾರು ಯಾರಿಗೆ ಬೇಕಾದರೂ ಕಳುಹಿಸಬಹುದಾದ್ದರಿಂದ, ಇನ್ನೂ ಬಿಗಿಯಾಗಿರಬೇಕೆಂದರೆ ಪ್ರೈವೇಟ್ ಆಯ್ಕೆ ಮಾಡಬೇಕು. ಮಕ್ಕಳ ವಿಡಿಯೊಗಳಿಗೆ ಕಮೆಂಟ್ ಮುಚ್ಚಿರಲಿ. ಶೀರ್ಷಿಕೆಯಲ್ಲಿ ಪೂರ್ಣ ಹೆಸರು, ತರಗತಿ, ಶಾಲೆ, ಊರು ಒಟ್ಟಿಗೆ ಬಂದರೆ ಅಪರಿಚಿತನೊಬ್ಬ ಮಗುವನ್ನು ಶಾಲೆಯ ಗೇಟಿನವರೆಗೆ ಹುಡುಕಿಕೊಂಡು ಬರುವಷ್ಟು ವಿವರ ಕೊಟ್ಟಂತಾಗುತ್ತದೆ. ನೃತ್ಯದ ಹೆಸರು, ರಾಗ, ತಾಳ, ಗುರುಗಳು ಒಪ್ಪಿದ್ದರೆ ಅವರ ಹೆಸರು ಸಾಕು. ಫೋಟೊ ಕಡತದೊಳಗೆ ತೆಗೆದ ಜಾಗದ ವಿವರವೂ ಅಡಗಿರಬಹುದು. ಅದನ್ನು ಅಳಿಸಿ ಹಾಕಬೇಕು.

ತೆಗೆಯಿರಿ ಎಂಬ ಮಾತು ಬಂದಾಗ ಕಾರಣ ಕೇಳಬಾರದು, ಎಷ್ಟು ಜನ ಮೆಚ್ಚಿದ್ದಾರೆಂದು ಒಲಿಸಲೂಬಾರದು. ಆರು ವರ್ಷದವಳಿದ್ದಾಗ ತಾಯಿ ಸಹಿ ಹಾಕಿದ ವಿಡಿಯೊ ಕಾಲೇಜಿಗೆ ಬಂದ ಹುಡುಗಿಗೆ ಮುಜುಗರ ತರಬಹುದು, ಮದುವೆಯಾದ ಮನೆಯಲ್ಲಿ ಒಬ್ಬರಿಗೆ ಅದರಿಂದ ತೊಂದರೆಯಾಗಬಹುದು. ಮೊದಲು ಪ್ರೈವೇಟ್ ಮಾಡಿ, ಆಮೇಲೆ ಡಿಲೀಟ್ ಮಾಡಿ, ತೆಗೆದಿದ್ದೇವೆಂದು ತಿಳಿಸಿ. ಬೇರೆ ಯಾರೋ ಅದನ್ನು ನಕಲು ಮಾಡಿ ಹಾಕಿದ್ದರೆ ಕೊಂಡಿ ಮತ್ತು ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆ ಜಾಲತಾಣದ ಖಾಸಗಿತನದ ದೂರು ವಿಭಾಗಕ್ಕೆ ಸಂಬಂಧಪಟ್ಟವರೇ ಅಥವಾ ಅವರ ಪೋಷಕರೇ ದೂರು ಕೊಡಬೇಕು. ಚಿತ್ರವನ್ನು ತಿರುಚಿದ್ದರೆ ಅಥವಾ ಅಶ್ಲೀಲವಾಗಿ ಬಳಸಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್ ಇದೆ, ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ (ಸಿಇಎನ್) ಪೊಲೀಸ್ ಠಾಣೆ ಇದೆ. ಮಗುವಿನ ವಿಷಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಇವೆಲ್ಲ ಸಾಧ್ಯವಾಗಬೇಕಾದರೆ ಯಾವ ಕಡತದಲ್ಲಿ ಯಾರಿದ್ದಾರೆ, ಅದು ಎಲ್ಲೆಲ್ಲಿ ಹಾಕಲ್ಪಟ್ಟಿದೆ, ಯಾರು ಯಾವುದಕ್ಕೆ ಒಪ್ಪಿದ್ದಾರೆ ಎಂಬ ಒಂದು ಪುಸ್ತಕ ಸಂಘದಲ್ಲಿ ಇರಬೇಕು. ಕಾರ್ಯದರ್ಶಿ ಬದಲಾದಾಗ ಲೆಕ್ಕಪತ್ರದ ಜೊತೆಗೆ ಈ ಪುಸ್ತಕವನ್ನೂ, ಒಪ್ಪಿಗೆ ಪತ್ರಗಳ ಕಡತವನ್ನೂ, ಚಾನೆಲ್‌ನ ಪಾಸ್‌ವರ್ಡನ್ನೂ ಹೊಸಬರಿಗೆ ಒಪ್ಪಿಸಿ ಸಹಿ ಪಡೆಯಬೇಕು. ಇಲ್ಲವಾದರೆ ಐದು ವರ್ಷದ ನಂತರ ತೆಗೆಯಿರಿ ಎಂದು ಬಂದವರಿಗೆ, ತೆಗೆಯುವ ಮನಸ್ಸಿದ್ದರೂ ಖಾತೆ ತೆರೆಯಬಲ್ಲವರು ಸಂಘದಲ್ಲಿ ಯಾರೂ ಉಳಿದಿರುವುದಿಲ್ಲ.